ನಾಲ್ಕನೆಯ ರಕ್ಷಣೆ

ಈವರೆಗೆ ನನ್ನನ್ನು ಮೂರು ಸಲ ರಕ್ಷಿಸಿದ್ದಾರೆ. ನಾಲ್ಕನೆಯ ಸಲ ನಾನು ಬಿಡಲಿಲ್ಲ.

ರಕ್ಷಣೆ ಅಂದರೇನು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಕೇಳಿ. ಹೋಟೆಲಿನ ರೂಮಿಗೆ ಪೊಲೀಸರು ನುಗ್ಗುತ್ತಾರೆ. ಜುಟ್ಟು ಹಿಡಿಯುತ್ತಾರೆ. ಮುಖದ ಮೇಲೆ ಕೈಗೆ ಸಿಕ್ಕಿದ ಬಟ್ಟೆ ಎಸೆಯುತ್ತಾರೆ. ಕ್ಯಾಮೆರಾ ಬರುತ್ತದೆ. ಆಮೇಲೆ ಸ್ಟೇಷನ್ನಿನಲ್ಲಿ ರೈಟರ್ ಒಂದು ಕಾಗದ ತೆಗೆಯುತ್ತಾನೆ. ಅದರಲ್ಲಿ ಎರಡು ಖಾನೆ. ಒಂದು ಆರೋಪಿ, ಇನ್ನೊಂದು ರಕ್ಷಿತೆ. ಆರೋಪಿ ಅಂತ ಬರೆದರೆ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಅದೇ ದಿನ ಮನೆಗೆ. ರಕ್ಷಿತೆ ಅಂತ ಬರೆದರೆ ಆಶ್ರಯಧಾಮ. ಅಲ್ಲಿ ಗೇಟಿಗೆ ಬೀಗ. ಎಂಟು ತಿಂಗಳೋ, ಒಂದು ವರ್ಷವೋ, ಅಲ್ಲಿನ ಮೇಡಮ್ಮನಿಗೆ ನೀನು ಸುಧಾರಿಸಿದೆ ಅನ್ನಿಸುವವರೆಗೆ. ತಪ್ಪು ಮಾಡಿದವಳಿಗೆ ಒಂದು ಮಧ್ಯಾಹ್ನ, ತಪ್ಪಿಲ್ಲದವಳಿಗೆ ಒಂದು ವರ್ಷ. ಇದನ್ನು ಯಾವ ತಲೆ ಯೋಚಿಸಿತೋ, ಆ ತಲೆಗೆ ನನ್ನ ಎಕ್ಕಡದ ನಮಸ್ಕಾರ.

ಮೂರನೆಯ ಸಲ ಎಂಟು ತಿಂಗಳು ಇಟ್ಟರು. ಎಂಟು ತಿಂಗಳೂ ಮೇಣದಬತ್ತಿ ಮಾಡಿದೆ. ಬಿಸಿ ಮೇಣ ಬಿದ್ದು ಬೆರಳ ತುದಿಯ ಚರ್ಮ ಕಿತ್ತು ಬಂತು. ಮನೆಮನೆಗೂ ಕರೆಂಟು ಇರುವಾಗ ನಮ್ಮ ಮೇಣದಬತ್ತಿ ಕೊಳ್ಳುವವರು ಯಾರು? ಗೋದಾಮಿನಲ್ಲಿ ಇಲಿ ತಿಂದವು. ಅಷ್ಟರಲ್ಲಿ ಏಳು ವರ್ಷದ ನನ್ನ ಮಗಳನ್ನೂ ರಕ್ಷಿಸಿದರು. ನೋಡಿಕೊಳ್ಳುವವರಿಲ್ಲ ಅಂತ ಮಕ್ಕಳ ಮಂದಿರಕ್ಕೆ ಹಾಕಿದರು. ನಾನು ಹೊರಗೆ ಬಂದ ಮೇಲೂ ಅವಳನ್ನು ಬಿಡಿಸಿಕೊಳ್ಳಲು ಐದು ತಿಂಗಳು ಅಲೆದೆ. ಮನೆಗೆ ಬಂದ ದಿನ ಮಗು ಬಿಂದಿಗೆಯ ಹತ್ತಿರ ಕೈಕಟ್ಟಿ ನಿಂತು ಕೇಳಿತು, "ನೀರು ಕುಡೀಲಾ ಮೇಡಂ?" ನನ್ನನ್ನು! ಹೆತ್ತವಳನ್ನು! ನಾನು ಅಳಲಿಲ್ಲ. ಸಿಟ್ಟು ಬಂತು. ಇನ್ನೊಂದು ಸಲ ಯಾರಾದರೂ ರಕ್ಷಿಸಲು ಬಂದರೆ ಕೈ ಕಚ್ಚುತ್ತೇನೆ ಅಂದುಕೊಂಡೆ.

ಆಮೇಲಿಂದ ನನ್ನ ಕೆಲಸ ಶಾಲೆಯ ಹೊತ್ತಿನದು. ಒಂಬತ್ತೂವರೆಗೆ ಮಗಳನ್ನು ಗೇಟಿನೊಳಗೆ ಬಿಟ್ಟು ಬಸ್ಸು ಹತ್ತುತ್ತೇನೆ. ಮೂರೂವರೆಗೆ ಶಾಲೆ ಬಿಡುವಾಗ ಅದೇ ಗೇಟಿನ ಮುಂದೆ ನಿಂತಿರುತ್ತೇನೆ. ನಡುವೆ ಹೋಟೆಲು. ಕೆಲಸ ಅಂದೆನಲ್ಲ, ಕೆಲಸವೇ ಅದು. ಸೊಂಟ ನೋಯುತ್ತದೆ. ಕಂಡವರ ಬೆವರು ಮೂಗಿಗೆ ಮೆತ್ತಿಕೊಳ್ಳುತ್ತದೆ. ನಗು ಬಾರದಿದ್ದರೂ ನಕ್ಕು ನಕ್ಕು ಕೆನ್ನೆ ನೋಯುತ್ತದೆ. ಮೊದಲು ಬಟ್ಟೆ ಕಾರ್ಖಾನೆಯಲ್ಲಿದ್ದೆ. ಅಲ್ಲೂ ಸೊಂಟ ನೋಯುತ್ತಿತ್ತು, ಸೂಪರ್‌ವೈಸರ್ ಅಲ್ಲೂ ಕೈ ಹಾಕುತ್ತಿದ್ದ. ಅಲ್ಲಿಂದ ಮಾತ್ರ ಯಾರೂ ನನ್ನನ್ನು ರಕ್ಷಿಸಲು ಬರಲಿಲ್ಲ.

ಹೋಟೆಲಿನಲ್ಲಿ ಎಲ್ಲರೂ ನನ್ನನ್ನು ಬಾಯಿಬಡಕಿ ಅನ್ನುತ್ತಾರೆ. ಯಾಕೆ ಅಂತ ಇಷ್ಟರಲ್ಲಿ ನಿಮಗೇ ಗೊತ್ತಾಗಿರಬೇಕು.

ಆ ದಿನ ಹನ್ನೊಂದು ಗಂಟೆಗೆ ಮೂರನೇ ಮಹಡಿಯ ರೂಮು. ಕೆಳಗೆ ಬಾಗಿಲಲ್ಲೇ ದೊಡ್ಡ ಬ್ಯಾನರು ಕಟ್ಟಿದ್ದರು: 'ವೇಶ್ಯಾವೃತ್ತಿಗೆ ಕಾನೂನಿನ ಮಾನ್ಯತೆ ಬೇಕೇ, ಬೇಡವೇ?' ಐದನೇ ಮಹಡಿಯ ಹಾಲಿನಲ್ಲಿ ವಿಚಾರಗೋಷ್ಠಿ. ಎದೆಗೆ ಚೀಟಿ ಸಿಕ್ಕಿಸಿಕೊಂಡವರು ಲಿಫ್ಟಿನ ಮುಂದೆ ಸಾಲು ನಿಂತಿದ್ದರು. ಒಬ್ಬಮ್ಮ ನನ್ನನ್ನು ನೋಡಿ, "ನೀವೂ ಗೋಷ್ಠಿಗಾ?" ಅಂದಳು. "ಇಲ್ಲ ತಾಯಿ, ನಾನು ಕೆಲಸಕ್ಕೆ" ಅಂತ ಮೆಟ್ಟಿಲು ಹತ್ತಿದೆ.

ರೂಮಿನಲ್ಲಿದ್ದವನು ಮಂಚದ ತುದಿಯಲ್ಲಿ ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ. ಮೂವತ್ತು ತುಂಬಿರದ ಗಂಡಸು. ಹಣೆ ತುಂಬ ಬೆವರು. ನಾನು ಚಪ್ಪಲಿ ಬಿಡುವುದಕ್ಕೂ ಮೊದಲೇ ಫೋನೆತ್ತಿ, "ಎರಡು ಟವೆಲ್ ಕಳ್ಸಿ" ಅಂದ.

ಎರಡು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಬಕೆಟಕ್ಕ ಬಂದಳು. ರೂಮು ತೊಳೆಯುವವಳು. ಐವತ್ತೆರಡು ವಯಸ್ಸು, ಬ್ಲೀಚಿಂಗ್ ಪುಡಿಗೆ ಬೆರಳ ಗಂಟುಗಳೆಲ್ಲ ಸೀಳಿರುತ್ತವೆ. ದಿನಕ್ಕೆ ಹದಿನಾಲ್ಕು ರೂಮು, ಹದಿನಾಲ್ಕು ಹಾಸಿಗೆ ಎತ್ತಬೇಕು, ಇಳಿಸಬೇಕು. ನಮ್ಮಂಥವರನ್ನು ಕಂಡರೆ ಅವಳಿಗಾಗದು. ನಾವು ಮಲಗಿದ ದುಪ್ಪಟಿಯನ್ನು ಎರಡೇ ಬೆರಳಲ್ಲಿ ಎತ್ತುತ್ತಾಳೆ. ಎರಡು ಟವೆಲ್ ಅವನ ಕೈಗಿಟ್ಟು, ನನ್ನ ಕಡೆ ಮೂಗು ಮುರಿದು ಹೋದಳು.

ಅವನು ಟವೆಲ್ಲನ್ನು ದೆವ್ವ ನೋಡಿದ ಹಾಗೆ ನೋಡಿದ. ಮತ್ತೆ ಫೋನೆತ್ತಿದ. "ಎರಡು ಟವೆಲ್ ಕಳ್ಸಿ!" ಮತ್ತೆ ಬಕೆಟಕ್ಕ, ಮತ್ತೆ ಎರಡು ಟವೆಲ್. ಮೂರನೆಯ ಸಲ ಅವನ ದನಿ ಕೀರಲಾಯಿತು. "ಟ-ವೆ-ಲ್, ಮೇಡಂ! ಟವೆಲ್!" ಮತ್ತೆರಡು ಬಂದವು.

ಆಗ ನನಗೆ ಹೊಳೆಯಿತು. ಟವೆಲ್ ಗುರುತಿನ ಮಾತು. ಹೋದ ಸಲ ನನ್ನನ್ನು ಹಿಡಿದಾಗಲೂ ಇದೇ. ಬೋನಿಗೆ ಇಟ್ಟ ಗಿರಾಕಿ ಟವೆಲ್ ಕೇಳಿದರೆ ರಿಸೆಪ್ಷನ್ನಿನವಳು ಹಿಂದಿನ ಕೋಣೆಯಲ್ಲಿ ಕಾದಿರುವ ಪೊಲೀಸರಿಗೆ ಸನ್ನೆ ಮಾಡಬೇಕು. ಆದರೆ ಇವತ್ತು ಗೋಷ್ಠಿಯ ಗಡಿಬಿಡಿಗೆ ರಿಸೆಪ್ಷನ್ನಿನಲ್ಲಿ ಹೊಸಬಳನ್ನು ಕೂರಿಸಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ. ಟವೆಲ್ ಕೇಳಿದರೆ ಟವೆಲ್ ಕಳಿಸುತ್ತಿದ್ದಳು, ಪಾಪ.

"ಏನಪ್ಪಾ, ನೀನು ಪೊಲೀಸಾ?" ಅಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತನ್ನ ಮೋಟು ಪೊಲೀಸ್ ಕ್ರಾಪನ್ನು ಮುಟ್ಟಿ ನೋಡಿಕೊಂಡ. ನಾನು ಬಾಗಿಲಿಗೆ ಓಡಿದೆ. ಅವನು ನನಗಿಂತ ಮೊದಲು ಹಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಅಕ್ಕಾ, ಹೋಗ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತು ಈ ಕೆಲಸ ಮುಗಿಸಿದ್ರೆ ನಾಲ್ಕು ದಿನ ರಜ ಕೊಡ್ತೀನಿ ಅಂದಿದ್ದಾರೆ. ಹೆಂಡ್ತಿಗೆ ದಿನ ತುಂಬಿದೆ."

"ನಿನ್ನ ಹೆಂಡ್ತಿ ಹೆರೋದಕ್ಕೆ ನಾನು ಒಳಗೆ ಹೋಗ್ಬೇಕೇನೋ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಾ?"

"ಒಳಗಲ್ಲ ಅಕ್ಕಾ. ಇವತ್ತು ಎಲ್ಲಾ ರಕ್ಷಣೇನೇ. ಮೇಲಿಂದ ಆರ್ಡರ್. ದೊಡ್ಡ ಸಾಹೇಬ್ರು ಗೋಷ್ಠೀಲಿ ಮಾತಾಡ್ತಾರೆ, ಹನ್ನೊಂದು ಜನರನ್ನ ರಕ್ಷಿಸಿದ್ದೀವಿ ಅಂತ."

"ಇನ್ನೂ ಹಿಡಿದೇ ಇಲ್ಲ. ಹನ್ನೊಂದು ಅಂತ ಹೇಗೆ ಗೊತ್ತು?"

"ಭಾಷಣ ನಿನ್ನೇನೇ ಟೈಪ್ ಆಗಿದೆ" ಅಂದ.

ಗಡಿಯಾರ ನೋಡಿದೆ. ಮಗಳು ಈಗ ಗಣಿತದ ಕ್ಲಾಸಿನಲ್ಲಿರುತ್ತಾಳೆ. ಆದರೆ ಹಾಳಾದ್ದು, ಮರುಕ್ಷಣವೇ ಹೊಟ್ಟೆಯಿಂದ ನಗು ಎದ್ದು ಬಂತು. ತಡೆಯಲಾಗಲಿಲ್ಲ. ಅವನು ಬೆನ್ನು ಬಾಗಿಲಿಗೆ ಒತ್ತಿಕೊಂಡೇ ಫೋನಿನ ತಂತಿ ಎಳೆದು ಟವೆಲ್ ಕೇಳುತ್ತಿದ್ದ, ಬಕೆಟಕ್ಕ ಬಾಗಿಲ ಸಂದಿಯಿಂದ ಟವೆಲ್ ತೂರುತ್ತಿದ್ದಳು, ನಾನು ಮಂಚದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹನ್ನೆರಡು ಟವೆಲ್ ಆದವು. ಏಳನೆಯ ಸಲ ಕೇಳಿ, ಅದೂ ಬೇಡವೆಂದು ಫೋನು ಎಸೆದು, ಅವನು ತನ್ನ ಮೊಬೈಲು ತೆಗೆದು ಅದರೊಳಗೆ ಕಿರುಚಿದ. "ಸಾರ್, ಟವೆಲ್ ಬಿಡಿ ಸಾರ್! ನೀವೇ ಬನ್ನಿ!"

ಬಂದರು. ಬಾಗಿಲನ್ನು ಒದ್ದೇ ಬಂದರು. ಬಾಗಿಲ ಹಿಂದೆ ನಿಂತಿದ್ದ ಅವನ ಮೂಗು ಜಜ್ಜಿಹೋಯಿತು. ಮೊದಲು ಇನ್ಸ್‌ಪೆಕ್ಟರು, ಹಿಂದೆ ಒಬ್ಬ ಮಹಿಳಾ ಪೇದೆ. ಅವಳು ಬಂದವಳೇ ನನ್ನ ಜುಟ್ಟು ಹಿಡಿದಳು. ಬೇರೆ ರೂಮುಗಳಿಂದ ಒಂಬತ್ತು ಜನರನ್ನು ಆಗಲೇ ಕೆಳಗೆ ಸಾಗಿಸಿದ್ದರು.

"ಇವಳು ಹತ್ತು. ಇನ್ನೊಬ್ಬಳು ಎಲ್ಲಿ?" ಅಂತ ಇನ್ಸ್‌ಪೆಕ್ಟರು ಮಂಚದ ಕೆಳಗೆಲ್ಲ ಬಗ್ಗಿ ನೋಡಿದ. ಇನ್ನೊಬ್ಬಳು ಇರಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಏಳನೆಯ ಸಲದ ಎರಡು ಟವೆಲ್ ಹಿಡಿದು ಬಕೆಟಕ್ಕ ಬಂದಳು. ಇನ್ಸ್‌ಪೆಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವಳನ್ನೂ ಹಾಕು. ಹನ್ನೊಂದು" ಅಂದ.

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ನಾನು ರೂಮು ತೊಳೆಯೋಳು ಕಣಯ್ಯಾ! ಇನ್ನೂ ಒಂಬತ್ತು ಹಾಸಿಗೆ ಎತ್ತಬೇಕು, ಕಕ್ಕಸು ಉಜ್ಜಬೇಕು!"

"ಎಲ್ರೂ ಹಾಗೇ ಹೇಳ್ತಾರಮ್ಮಾ" ಅಂದಳು ಮಹಿಳಾ ಪೇದೆ. ಬಕೆಟಕ್ಕನ ಕೈಯಲ್ಲಿದ್ದ ಟವೆಲ್ಲುಗಳನ್ನೇ ಕಿತ್ತು, ಒಂದನ್ನು ಅವಳ ಮುಖಕ್ಕೆ, ಒಂದನ್ನು ನನ್ನ ಮುಖಕ್ಕೆ ಹಾಕಿದಳು.

ಇನ್ಸ್‌ಪೆಕ್ಟರು ಕ್ಯಾಮೆರಾದವರಿಗೆ ಹೇಳಿಕೆ ಕೊಡಲು ಮೆಟ್ಟಿಲಿಳಿದು ಓಡಿದ. ನಮ್ಮಿಬ್ಬರನ್ನು ಮಹಿಳಾ ಪೇದೆ ಲಿಫ್ಟಿಗೆ ದಬ್ಬಿದಳು. ಕೆಳಗಿನ ಗುಂಡಿ ಒತ್ತಿದಳು. ಲಿಫ್ಟು ಮೇಲೆ ಹೋಯಿತು. ಗೋಷ್ಠಿಯವರು ಯಾರೋ ಮೊದಲೇ ಒತ್ತಿದ್ದರು. ಐದನೇ ಮಹಡಿಯಲ್ಲಿ ಬಾಗಿಲು ತೆಗೆದುಕೊಂಡಿತು.

"ಬಂದ್ರಾ! ಅಬ್ಬಾ! ಎಷ್ಟು ಹೊತ್ತಿಂದ ಕಾಯ್ತಾ ಇದ್ದೀವಿ!"

ಚೀಟಿ ಸಿಕ್ಕಿಸಿಕೊಂಡ ಇಬ್ಬರು ನಮ್ಮ ಕೈ ಹಿಡಿದು ಹೊರಗೆಳೆದರು. ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ಅವರ ಪಟ್ಟಿಯಲ್ಲಿದ್ದ ಕಾರ್ಯಕ್ರಮ 'ನೊಂದ ಹೆಣ್ಣಿನ ದನಿ'. ಇಬ್ಬರು ಮುಖ ಮುಚ್ಚಿಕೊಂಡು ಬಂದು ಮಾತಾಡಬೇಕಿತ್ತು. ಆ ಇಬ್ಬರೂ ಕೆಳಗೆ ಪೊಲೀಸ್ ವ್ಯಾನು ಕಂಡು ಹಿಂದಿನ ಗಲ್ಲಿಯಲ್ಲಿ ಪರಾರಿ. ಇಲ್ಲಿ ನೋಡಿದರೆ ಮುಖ ಮುಚ್ಚಿದ ಇಬ್ಬರು, ಜೊತೆಗೆ ಕಾವಲಿಗೆ ಪೊಲೀಸು. ಅನುಮಾನ ಪಡುವುದಕ್ಕೆ ಏನಿತ್ತು? ಮಹಿಳಾ ಪೇದೆ, "ಅಲ್ಲ, ಇವರು..." ಅನ್ನುವಷ್ಟರಲ್ಲಿ ವೇದಿಕೆಯ ಮೇಲೆ ಕೂತಿದ್ದ ದೊಡ್ಡ ಸಾಹೇಬರು ಕಾಣಿಸಿದರು. ಫಟ್ಟನೆ ಸಲ್ಯೂಟ್ ಹೊಡೆದು ಕಂಬವಾಗಿ ನಿಂತಳು.

ನಮ್ಮನ್ನು ವೇದಿಕೆಯಲ್ಲಿ ಕೂರಿಸಿದರು. ನೀರಿನ ಬಾಟಲಿ ಕೊಟ್ಟರು. ಟವೆಲ್ಲಿನ ಸಂದಿಯಿಂದ ನೋಡಿದೆ, ಇನ್ನೂರು ಜನ. ಒಬ್ಬ ಕಾನೂನು ಮೇಷ್ಟ್ರು ಮಾತಾಡುತ್ತಿದ್ದರು. ಇದನ್ನು ವೃತ್ತಿ ಎಂದು ಮಾನ್ಯ ಮಾಡಬೇಕಂತೆ, ನೋಂದಣಿ ಬೇಕಂತೆ, ಫೋಟೋ ಇರುವ ಗುರುತಿನ ಚೀಟಿ ಬೇಕಂತೆ, ವಾರಕ್ಕೊಮ್ಮೆ ತಪಾಸಣೆ ಆಗಬೇಕಂತೆ. ಶಾಲು ಹೊದ್ದ ಒಬ್ಬ ದೊಡ್ಡಮ್ಮ ಮೇಜು ಕುಟ್ಟಿದರು. ಕಟ್ಟಕಡೆಯ ಹೆಣ್ಣನ್ನೂ ಬಿಡಿಸುವವರೆಗೆ ಅವರಿಗೆ ನಿದ್ದೆ ಬರುವುದಿಲ್ಲವಂತೆ. ಬಕೆಟಕ್ಕ ನನ್ನ ಕಿವಿಯಲ್ಲಿ, "ಇವರು ಯಾರ ವಿಷಯ ಮಾತಾಡ್ತಾ ಇದ್ದಾರೆ?" ಅಂದಳು. "ನಮ್ಮಿಬ್ಬರದೇ" ಅಂದೆ. "ನನ್ನ ಯಾಕೆ ಸೇರಿಸ್ತೀಯೇ ಮುಂಡೇದೇ" ಅಂತ ಮೊಣಕೈಯಲ್ಲಿ ತಿವಿದಳು.

ದೊಡ್ಡ ಸಾಹೇಬರು ಎದ್ದು ಟೈಪಾದ ಹಾಳೆ ತೆಗೆದರು. "ಇಂದು ಬೆಳಿಗ್ಗೆ ಇದೇ ಕಟ್ಟಡದಲ್ಲಿ ನಮ್ಮ ಸಿಬ್ಬಂದಿ ಹನ್ನೊಂದು ಮಹಿಳೆಯರನ್ನು ರಕ್ಷಿಸಿದ್ದಾರೆ." ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಗೋಷ್ಠಿಯವರು ನನ್ನ ಮುಂದೆ ಮೈಕು ಇಟ್ಟರು. "ಹೆದರಬೇಡಿ ತಂಗಿ, ನಿಮ್ಮ ಮುಖ ಯಾರಿಗೂ ಕಾಣಲ್ಲ" ಅಂದರು.

ಮುಖ ಕಾಣಬಾರದು. ಅದೇ ತಾನೆ ಇವರ ಕರುಣೆ. ಎರಡು ಉಸಿರು ಯೋಚಿಸಿದೆ. ಟವೆಲ್ ತೆಗೆದರೆ ಊರೆಲ್ಲ ನೋಡುತ್ತದೆ, ಮಗಳ ಶಾಲೆಯೂ ನೋಡುತ್ತದೆ. ತೆಗೆಯದಿದ್ದರೆ ನಾನು ಹನ್ನೊಂದರಲ್ಲಿ ಒಂದು. ನನಗೆ ಮೇಣದಬತ್ತಿ, ಮಗಳಿಗೆ ಮಂದಿರ.

ತೆಗೆದೆ. ಇನ್ನೂರು ಮೊಬೈಲು ಮೇಲೆದ್ದವು.

"ನಾನು ಆ ಹನ್ನೊಂದರಲ್ಲಿ ಒಬ್ಬಳು" ಅಂದೆ. "ನನ್ನನ್ನ ಯಾರೂ ರಕ್ಷಿಸಿಲ್ಲ. ಈಗ ತಾನೇ ಮೂರನೇ ಮಹಡೀಲಿ ಜುಟ್ಟು ಹಿಡಿದಿದ್ದಾರೆ. ಅಗೋ ನಿಂತಿದ್ದಾಳೆ ನೋಡಿ, ಹಿಡಿದೋಳು. ನಾನು ಈ ಕೆಲಸಕ್ಕೆ ನನ್ನ ಕಾಲಲ್ಲಿ ನಡ್ಕೊಂಡು ಬಂದೋಳು. ಯಾರೂ ಮಾರಿಲ್ಲ, ಯಾರೂ ಕಟ್ಟಿ ಹಾಕಿಲ್ಲ. ಕಟ್ಟಿ ಹಾಕಿದ್ದು ನಿಮ್ಮ ಆಶ್ರಯಧಾಮ. ಎಂಟು ತಿಂಗಳು."

ಶಾಲಿನ ದೊಡ್ಡಮ್ಮ, "ಪಾಪ, ಹೆದರಿಸಿ ಹೇಳಿಸ್ತಿದ್ದಾರೆ" ಅಂದರು.

"ಯಾರಮ್ಮ ಹೆದರಿಸಿದ್ದು? ನೀವು ಬಿಡಿಸ್ತೀನಿ ಅಂದಾಗ ಮಾತ್ರ ನನಗೆ ಹೆದರಿಕೆ ಆಗೋದು!"

ಮೇಷ್ಟ್ರು ನಕ್ಕರು. ಅವರ ಕಡೆ ತಿರುಗಿದೆ. "ನಗಬೇಡಿ ಸ್ವಾಮಿ. ಫೋಟೋ ಇರೋ ಚೀಟಿ ಕೊಡ್ತೀನಿ ಅಂತೀರಾ. ನಾಳೆ ನಾನು ಈ ಕೆಲಸ ಬಿಟ್ರೆ ಆ ಚೀಟಿ ನನ್ನ ಬಿಡುತ್ತಾ? ತಪಾಸಣೆ ನನಗೆ ಮಾತ್ರಾನಾ, ಗಿರಾಕಿಗೆ ಇಲ್ವಾ? ಹೋದ ವರ್ಷ ಒಬ್ಬ ನನ್ನ ಎರಡು ಬೆರಳು ಮುರಿದ. ದೂರು ಕೊಡೋಕೆ ಸ್ಟೇಷನ್ನಿಗೆ ಹೋದ್ರೆ ನನ್ನನ್ನೇ ಹಿಡೀತಾರೆ. ನನಗೆ ಚೀಟಿ ಬೇಡ, ಧಾಮ ಬೇಡ. ಇದು ಅಪರಾಧ ಅನ್ನೋದನ್ನ ಮೊದಲು ಹೊಡೆದು ಹಾಕಿ. ನನ್ನ ಬೆರಳು ಮುರಿದೋನನ್ನ ಹಿಡೀರಿ. ಉಳಿದಿದ್ದು ನಾನು ನೋಡ್ಕೋತೀನಿ."

ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈ ಉರಿದುಹೋಯಿತು.

"ಚಪ್ಪಾಳೆ ಬೇಡ! ದಾರಿ ಬಿಡಿ! ನನ್ನನ್ನ ಆರೋಪಿ ಅಂತ ಬರೀರಿ, ನಾನು ಮೂರೂವರೆಗೆ ಹೋಗ್ಬೇಕು!"

ಆಗ ಬಕೆಟಕ್ಕ ತನ್ನ ಟವೆಲ್ಲನ್ನೂ ಕಿತ್ತೆಸೆದು ಮೈಕಿಗೆ ಬಾಯಿ ಹಚ್ಚಿದಳು. "ನಾನು ಇದೇ ಹೋಟ್ಲಲ್ಲಿ ಕಕ್ಕಸು ತೊಳೆಯೋಳು! ನನ್ನ ಬಕೆಟ್ಟು ಮೂರನೇ ಮಹಡೀಲಿ ಹಾಗೇ ಇದೆ!" ಮತ್ತೂ ಜೋರಾಗಿ ಚಪ್ಪಾಳೆ ಬಿತ್ತು. ಯಾರೋ ಒಬ್ಬರು ಕಣ್ಣೊರೆಸಿಕೊಂಡರು. ದೊಡ್ಡ ಸಾಹೇಬರು ಮಾತ್ರ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಸ್ಟೇಷನ್ನಿಗೆ ಬಂದಾಗ ಎರಡು ಗಂಟೆ. ಒಂಬತ್ತು ಜನ ಗೋಡೆಗೆ ಒರಗಿ ಕೂತಿದ್ದರು. ಇನ್ಸ್‌ಪೆಕ್ಟರಿಗೆ ನನ್ನ ಮೇಲೆ ಕೆಂಡದಂಥ ಕೋಪ. ಆದರೆ ಇನ್ನೂರು ಮೊಬೈಲಿನಲ್ಲಿ, ನನ್ನಷ್ಟಕ್ಕೆ ನಾನೇ ಬಂದವಳು ಅಂತ ನನ್ನ ಬಾಯಿಂದಲೇ ಬಂದುಬಿಟ್ಟಿದೆ. ಇನ್ನು ರಕ್ಷಿತೆ ಅಂತ ಹೇಗೆ ಬರೆಯುತ್ತಾನೆ?

ರೈಟರ್ ಕೇಳಿದ, "ತಪ್ಪು ಒಪ್ಕೋತೀಯಾ?"

"ಒಪ್ತೀನಿ! ಮನಸಾರೆ ಒಪ್ತೀನಿ! ದೊಡ್ಡ ಅಕ್ಷರದಲ್ಲಿ ಬರ್ಕೋ!" ಅಂದೆ. ಅಷ್ಟು ಖುಷಿಯಿಂದ ತಪ್ಪು ಒಪ್ಪಿಕೊಂಡವಳನ್ನು ಆತ ನೋಡಿರಲಿಲ್ಲ.

ಮುಂದೆ ಬಕೆಟಕ್ಕ. ರೈಟರ್ ಪೆನ್ನಿನಿಂದ ತಲೆ ಕೆರೆದುಕೊಂಡ. "ನೀನೇನೂ ತಪ್ಪು ಮಾಡಿಲ್ಲ ಅಂತ ನಮಗೂ ಗೊತ್ತಮ್ಮಾ. ಅದಕ್ಕೇ ಆರೋಪಿ ಅಂತ ಬರೆಯೋಕೆ ಆಗಲ್ಲ. ರಕ್ಷಿತೆ ಅಂತ ಬರೀತೀನಿ. ವಿಚಾರಣೆ ಆಗೋವರೆಗೆ ಇಪ್ಪತ್ತೊಂದು ದಿನ ಧಾಮದಲ್ಲಿ ಇರು."

"ತಪ್ಪು ಮಾಡಿಲ್ಲ ಅಂತ ಇಪ್ಪತ್ತೊಂದು ದಿನ ಕೂಡಿ ಹಾಕ್ತೀಯಾ?"

"ಅದು ರಕ್ಷಣೆ."

"ಇಪ್ಪತ್ತೊಂದು ದಿನ ಹೋಗ್ದಿದ್ರೆ ನನ್ನ ಕೆಲಸ ಇರುತ್ತೇನೋ?"

ರೈಟರ್ ಹೆಗಲು ಕುಣಿಸಿದ. ಬಕೆಟಕ್ಕ ಸೀಳಿದ ಬೆರಳುಗಳನ್ನು ಮೇಜಿನ ಮೇಲಿಟ್ಟಳು. ನನ್ನ ಕಡೆ ನೋಡಿದಳು. ಅವಳು ನನ್ನನ್ನು ಮೂಗು ಮುರಿಯದೆ ನೋಡಿದ್ದು ಅದೇ ಮೊದಲು. ಆಮೇಲೆ ಹೇಳಿದಳು, "ಹಾಗಿದ್ರೆ ಬರ್ಕೋ. ನಾನೂ ಅದೇ ಕೆಲಸದೋಳೇ."

"ಏಯ್, ಸುಳ್ಳು ಹೇಳಬಾರದು! ನಿನ್ನ ವಯಸ್ಸೇನು?"

"ಐವತ್ತೆರಡು. ಏನೀಗ? ಸುಳ್ಳು ಅಂತ ನೀನು ತೋರಿಸು. ಮೂಗಿಗೆ ಪಟ್ಟಿ ಕಟ್ಕೊಂಡು ಕೂತಿದ್ದಾನಲ್ಲ ನಿಮ್ಮ ಪೇದೆ, ಕೇಳು ಅವನ್ನ. ಒಂದೇ ಗಂಟೇಲಿ ಏಳು ಸಲ ರೂಮಿಗೆ ಕರೆಸಿದ್ದು ಯಾರನ್ನ? ಹೋಟೆಲ್ ಪುಸ್ತಕದಲ್ಲಿ ಬರೆದಿದೆ!"

ಪೇದೆ ಮೂಗಿನ ಪಟ್ಟಿ ಹಿಡಿದುಕೊಂಡು, "ಸಾರ್, ನನ್ನ ಹೆಂಡ್ತಿ ಓದ್ತಾಳೆ ಸಾರ್, ಬರೀಬೇಡಿ ಸಾರ್" ಅಂತ ಗೋಗರೆದ. ಗೋಡೆಗೆ ಒರಗಿದ್ದ ಒಂಬತ್ತು ಜನರಲ್ಲಿ ಒಬ್ಬಳು ಕಿಸಕ್ಕೆಂದಳು. ಆಮೇಲೆ ಇನ್ನೊಬ್ಬಳು. ಮೊದಲು ಕಿಸಕ್ಕೆಂದವಳೇ ಎದ್ದು ಬಂದಳು. "ನಂದೂ ಆರೋಪಿ ಅಂತ ಬರೀರಿ." ಅವಳ ಹಿಂದೆ ಮತ್ತೊಬ್ಬಳು, "ನಂದೂ." ಮೇಜಿನ ಮುಂದೆ ಒಂಬತ್ತೂ ಜನ ತಪ್ಪು ಒಪ್ಪಿಕೊಳ್ಳಲು ನೂಕುನುಗ್ಗಲು. ನಾನು ಮೊದಲು, ನೀನು ಆಮೇಲೆ ಅಂತ ಜಗಳ. ರೈಟರ್ ತಲೆ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಮೇಲಿಂದ ಫೋನು ಬಂತು. ಇನ್ಸ್‌ಪೆಕ್ಟರು ಎದ್ದು ನಿಂತು, ಬೆವರು ಒರೆಸಿಕೊಂಡು, "ರಕ್ಷಿತೆ ಅಂತ ಒಂದೂ ಉಳಿದಿಲ್ಲ ಸಾರ್" ಅಂದ.

ಪಕ್ಕದ ಕಟ್ಟಡದಲ್ಲೇ ನ್ಯಾಯಾಧೀಶರು. ಹನ್ನೊಂದು ಜನ, ಹನ್ನೊಂದು ದಂಡ. ಬಕೆಟಕ್ಕ ತನ್ನ ಹೆಸರಿನ ಮುಂದೆ ಏನು ಬರೆದರು ಅಂತ ಓದಿಸಿ ಕೇಳಿದಳು. ಮುಖ ಸ್ವಲ್ಪ ಹೊತ್ತು ಬಾಡಿತು. ಹೊರಗೆ ಬಂದ ಮೇಲೆ ನನಗಂದಳು, "ಮನೇಲಿ ಮಗ ಸೊಸೆ ಏನಂತಾರೋ ಗೊತ್ತಿಲ್ಲ. ಅಂದ್ರೆ ಅನ್ಲಿ. ನೀನು ಓಡು."

ಓಡಿದೆ. ಬಸ್ಸಿಗೆ ಕಾಯಲಿಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಕೈಯಲ್ಲಿ ಹಿಡಿದು ಓಡಿದೆ. ಉಬ್ಬಸದ ನಡುವೆಯೂ ನಗು ಬರುತ್ತಿತ್ತು, ದಾರಿಯವರು ಹುಚ್ಚಿ ಅಂದುಕೊಂಡಿರಬೇಕು. ಶಾಲೆ ಬಿಟ್ಟು ಹತ್ತು ನಿಮಿಷವಾಗಿತ್ತು. ಮಕ್ಕಳೆಲ್ಲ ಹೋಗಿದ್ದರು. ಒಳಗೆ ಕಟ್ಟೆಯ ಮೇಲೆ ಮಗಳೊಬ್ಬಳೇ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಗೇಟಿನ ಕಾವಲುಗಾರ ಮೊಬೈಲು ನೋಡುತ್ತಿದ್ದ. ಅದರಿಂದ ನನ್ನದೇ ದನಿ ಬರುತ್ತಿತ್ತು. ಅವನು ನನ್ನ ಮುಖ ನೋಡಿದ. ಮೊಬೈಲು ನೋಡಿದ. ಮತ್ತೆ ನನ್ನ ಮುಖ ನೋಡಿದ.

"ಇದು ನೀವೇ ಅಲ್ವಾ?" ಅಂದ.

ಸೆರಗು ಮುಖಕ್ಕೆಳೆದುಕೊಳ್ಳಲು ಕೈ ಎದ್ದಿತು. ಕೆಳಗಿಳಿಸಿದೆ.

"ಹೌದಪ್ಪ, ನಾನೇ. ಮಗಳನ್ನ ಕಳ್ಸು."

ಅವನು ಗೇಟು ತೆಗೆದ.